ಮಜ್ಜಿಗೆಯಿಲ್ಲದ ಖಾನಾವಳಿಯ ನೀಲಕ್ಕ

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ನೀಲಕ್ಕನ ಖಾನಾವಳಿಗೆ ಮೊದಲ ಸಲ ಬಂದವರು ಊಟದ ಕೊನೆಗೆ ಕಕ್ಕಾಬಿಕ್ಕಿಯಾಗುತ್ತಿದ್ದರು. ಪಲ್ಯ, ಸಾರು ಎಲ್ಲ ಮುಗಿದು, ಎಲೆಯ ಮೇಲೆ ಕೊನೆಯ ಹಿಡಿ ಬಿಳಿ ಅನ್ನ ಉಳಿಸಿಕೊಂಡು ಕಾಯುತ್ತಿದ್ದರು. ಮಜ್ಜಿಗೆ ಬರುತ್ತಲೇ ಇರಲಿಲ್ಲ.

"ಅಕ್ಕಾರೆ, ಮಜ್ಜಿಗಿ ತರ್ರೀ."

"ಮಜ್ಜಿಗೆ ಇಲ್ಲ ಮಾರಾಯ್ರೆ."

"ಹೋಗ್ಲಿ, ಮೊಸರರೆ ಐತೇನ್ರೀ?"

"ಅದೂ ಇಲ್ಲ. ತುಪ್ಪನೂ ಇಲ್ಲ. ಹಾಲಿಂದು ಎಂತದೂ ಇಲ್ಲ ನಮ್ಮಲ್ಲಿ. ಅಪ್ಪೆಹುಳಿ ಐತೆ, ಹಾಕ್ಲಾ?"

ಉತ್ತರಕ್ಕೆ ಕಾಯದೆ ಒಂದು ಸೌಟು ಬಡಿಸಿಯೇ ಬಿಡುತ್ತಿದ್ದಳು. ಕಾಡುಮಾವಿನ ಕಾಯಿ ಬೇಯಿಸಿ, ಕಿವುಚಿ, ನೀರು ಬೆರೆಸಿ, ಇಂಗು ಒಣಮೆಣಸಿನ ಒಗ್ಗರಣೆ ಕೊಟ್ಟ ತಿಳಿ ಅದು. ಉಂಡವರಲ್ಲಿ ಅರ್ಧ ಜನ ಮರುದಿನವೂ ಬರುತ್ತಿದ್ದರು. ಉಳಿದರ್ಧ ಜನ ಇನ್ನೆಂದೂ ಆ ಓಣಿಗೆ ತಿರುಗುತ್ತಿರಲಿಲ್ಲ. ನೀಲಕ್ಕ ಎರಡಕ್ಕೂ ತಲೆ ಕೆಡಿಸಿಕೊಂಡವಳಲ್ಲ.

ನನ್ನ ಅಮ್ಮ ನರ್ಸ್ ಆಗಿದ್ದಳು. ಅವಳ ಪಾಳಿ ಯಾವಾಗ ಬದಲಾಗುತ್ತದೆಂದು ಅವಳಿಗೇ ಗೊತ್ತಿರುತ್ತಿರಲಿಲ್ಲವಾದ್ದರಿಂದ, ಹೈಸ್ಕೂಲಿನಿಂದ ಪಿಯುಸಿವರೆಗೆ ನನ್ನ ಮಧ್ಯಾಹ್ನದ ಊಟ ನೀಲಕ್ಕನ ಬಳಿಯೇ ಆಯಿತು. ಎತ್ತರದ ಹೆಂಗಸು. ಹೆಗಲ ಮೇಲೆ ಸದಾ ಒಂದು ಒದ್ದೆ ಟವೆಲು. ರುಚಿ ನೋಡಲು ಸೌಟಿನಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿ, ನೆಕ್ಕಿ, ಹುಬ್ಬು ಗಂಟಿಕ್ಕುತ್ತಿದ್ದಳು. ಚೆನ್ನಾಗಿದ್ದರೂ ಅದೇ ಗಂಟು, ಕೆಟ್ಟಿದ್ದರೂ ಅದೇ. ಬದನೆಕಾಯಿ ಮಾತ್ರ ಅಂಜನಾಪುರದ ಕಾಲುವೆಯ ಕೆಳಗಿನ ಹೊಲದ್ದೇ ಆಗಬೇಕು. ಮಾರುವವನು ಬೇರೆ ಕಡೆಯದು ತಂದರೆ ಬುಟ್ಟಿಯತ್ತ ನೋಡದೆಯೇ, "ಇವತ್ತು ಎಣ್ಣೆಗಾಯಿ ಇಲ್ಲ ಬಿಡು" ಎಂದುಬಿಡುವಳು.

ಬಡಿಸುವ ಕೆಲಸಕ್ಕೆ ನಾನೂ ಕೆಲವು ಸಲ ನಿಲ್ಲುತ್ತಿದ್ದೆ. ಆಗ ಅವಳು ಹೇಳಿಕೊಟ್ಟದ್ದು ಒಂದೇ ಮಾತು. "ಬಡಿಸೋಳು ಎಲೆ ನೋಡ್ಬೇಕು ಕಣೆ ಸುಮಾ, ಮುಖ ನೋಡ್ಬಾರ್ದು. ಮುಖ ನಾಚ್ಕತ್ತದೆ. ಎಲೆ ನಾಚ್ಕಳಲ್ಲ."

ಹಾಲು ಯಾಕಿಲ್ಲ ಎಂದು ಕೇಳಿದವರಿಗೆಲ್ಲ ಅವಳು ಒಂದೊಂದು ಉತ್ತರ ಕೊಡುತ್ತಿದ್ದಳು. ಪಿತ್ತ, ಹರಕೆ, ಹಾಲಿನವನ ಜೊತೆ ಜಗಳ, ಬಾಯಿಗೆ ಬಂದದ್ದು. ನಿಜ ನನಗೆ ಸಿಕ್ಕಿದ್ದು ಪಿಯುಸಿಯ ಎರಡನೇ ವರ್ಷ, ಒಂದು ಮಧ್ಯಾಹ್ನ, ಗಿರಾಕಿಗಳೆಲ್ಲ ಹೋದ ಮೇಲೆ. ಇಬ್ಬರೂ ಬದನೆಕಾಯಿ ಸೀಳುತ್ತ ಕೂತಿದ್ದೆವು.

"ಉಳವೀಲಿ ನಮ್ಮ ಮಾವನ ಮನೇಲಿ ಒಂದು ಎಮ್ಮೆ ಇತ್ತು," ಎಂದು ಶುರು ಮಾಡಿದಳು. ಉಳವಿ ಸೊರಬದ ಕಡೆಯ ಊರು, ಅವಳು ಮದುವೆಯಾಗಿ ಹೋದದ್ದು ಅಲ್ಲಿಗೆ. "ಕರ ಹಾಕಿ ಎಂಟು ದಿನಕ್ಕೆ ಕರ ಸತ್ತೋತು. ಕರ ಇಲ್ದಿದ್ರೆ ಎಮ್ಮೆ ಹಾಲು ಇಳ್ಸಲ್ಲ. ಅದ್ಕೆ ಅದರ ಚರ್ಮ ಸುಲ್ಸಿ, ಒಳಗೆ ಹುಲ್ಲು ತುಂಬಿ ಹೊಲ್ಸಿ, ಎಮ್ಮೆ ಮುಂದೆ ತಂದು ನಿಲ್ಸಿದ್ರು. ಎಮ್ಮೆ ಅದನ್ನ ನೆಕ್ಕೋದು. ನೆಕ್ತಾ ನೆಕ್ತಾ ಹಾಲು ಬಿಡೋದು. ಹೊಲಿಗೆ ಬಿಚ್ಚಿ ಹುಲ್ಲು ಹೊರಗೆ ಬಂದಿತ್ತು, ಆದ್ರೂ ನೆಕ್ಕೋದು."

ಚಾಕು ನಿಂತಿತು.

"ಆಗ ನನ್ನ ಮಗು ಹೋಗಿ ಹದಿನೈದು ದಿನ. ಹೆಣ್ಣು. ಎದೆ ಕಟ್ಕಂಡು ಜ್ವರ ಬಂದಿತ್ತು ನಂಗೆ. ಕೊಟ್ಟಿಗೆ ಬಾಗ್ಲಲ್ಲಿ ಕೂತು ಅದನ್ನೇ ನೋಡ್ತಿದ್ದೆ. ಅತ್ತೆ ಒಂದು ಲೋಟ ತಂದು ಕೊಟ್ರು, ಬಾಣಂತಿ ಹಾಲು ಕುಡಿ ಅಂತ. ಒಳ್ಳೇ ಮನಸ್ಸಿಂದ್ಲೇ ಕೊಟ್ರು ಪಾಪ. ಆಗ್ಲಿಲ್ಲ ಕಣೆ. ಅವತ್ತಿಂದ ಆಗ್ಲಿಲ್ಲ."

ಮನೆಯವರು ಸೊಸೆಗೆ ತಲೆ ಕೆಟ್ಟಿದೆ ಎಂದರಂತೆ. ಹಾಗೆನ್ನದವನು ಅವಳ ಗಂಡ ಬಸಪ್ಪ ಒಬ್ಬನೇ. ಎರಡು ವರ್ಷ ನೋಡಿ, ಅವಳನ್ನು ಕರೆದುಕೊಂಡು ಶಿಕಾರಿಪುರಕ್ಕೆ ಬಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಗಿರಣಿಯ ಆಳುಗಳಿಗೆ ಬುತ್ತಿ ಕಟ್ಟುತ್ತ ಕಟ್ಟುತ್ತ ಖಾನಾವಳಿ ಹುಟ್ಟಿತು. ನಾನು ನೋಡುವ ಹೊತ್ತಿಗೆ ಬಸಪ್ಪ ತೀರಿಕೊಂಡಿದ್ದ. ಹಾಲು ಕುಡಿಯಬೇಡಿ ಎಂದು ನೀಲಕ್ಕ ಒಬ್ಬರಿಗೂ ಹೇಳಿದ್ದಿಲ್ಲ. "ಕುಡಿಯೋರು ಕುಡೀಲಿ. ನನ್ನ ಕೈಲಿ ಮಾಡಕ್ಕಾಗಲ್ಲ, ಅಷ್ಟೇ ಸೈ."

ಮುಂದೆ ನಾನು ಹೋಟೆಲಿನ ಅಡುಗೆ ಕಲಿತು, ಬೆಂಗಳೂರಿನ ವಿಮಾನ ನಿಲ್ದಾಣದ ಹತ್ತಿರ, ವಿಮಾನಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ವಿಶೇಷ ಊಟಗಳು. ಸಕ್ಕರೆ ಕಾಯಿಲೆಯವರದು, ಈರುಳ್ಳಿ ಬೆಳ್ಳುಳ್ಳಿ ತಿನ್ನದವರದು, ಮತ್ತೆ ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದ ವೀಗನ್ನರದು.

ವಿಮಾನದ ಮುಂಭಾಗದಲ್ಲಿ ಕೂರುವವರ ವೈಭವವೇ ಬೇರೆ. ಕಾಲು ಚಾಚುವ ಕುರ್ಚಿ, ಬಿಳಿ ಮೇಜುಬಟ್ಟೆ, ಪಿಂಗಾಣಿ ತಟ್ಟೆ, ಹೆಸರು ಹಿಡಿದು ಕರೆಯುವ ಸಿಬ್ಬಂದಿ. ಆದರೆ ಆ ಸಾಲಿನಲ್ಲಿ ಒಬ್ಬ ವೀಗನ್ ಕೂತರೆ ಅವರ ಪಾಲಿಗೆ ಬರುತ್ತಿದ್ದದ್ದು ಬೇಯಿಸಿದ ಕ್ಯಾರೆಟ್ಟು, ರಬ್ಬರಿನಂಥ ಸೋಯಾ ತುಂಡು, ಬೆಣ್ಣೆ ತೆಗೆದ ಜಾಗದಲ್ಲಿ ಏನೂ ಇಡದ ಒಣ ಬ್ರೆಡ್ಡು. ಪಕ್ಕದವರು ಚಾಕೊಲೇಟ್ ಕೇಕು ತಿನ್ನುವಾಗ ಇವರಿಗೆ ಕಲ್ಲಂಗಡಿ. ತಿಂಡಿಗೂ ಕಲ್ಲಂಗಡಿ, ಊಟದ ಕೊನೆಗೂ ಕಲ್ಲಂಗಡಿ. ಇಳಿದು ಬಂದ ತಟ್ಟೆಗಳು ತೊಳೆಯುವ ಕೋಣೆಗೆ ಹೋಗುವ ಮೊದಲು ನಾನು ಹೋಗಿ ನೋಡುತ್ತಿದ್ದೆ. ಎಲೆ ನೋಡುವ ಅಭ್ಯಾಸ. ವೀಗನ್ ತಟ್ಟೆಗಳು ಹೋದಂತೆಯೇ ವಾಪಸಾಗುತ್ತಿದ್ದವು. ಕೊನೆಗೆ ವಿಮಾನ ಕಂಪನಿಯವರೇ ಬೇಸತ್ತು, ಹೊಸ ಮೆನು ಮಾಡಿ, ಇಲ್ಲದಿದ್ದರೆ ಗುತ್ತಿಗೆ ಬೇರೆಯವರಿಗೆ ಕೊಡುತ್ತೇವೆ ಎಂದರು.

ನಾನು ನಾಲ್ಕು ದಿನ ರಜೆ ಹಾಕಿ ಶಿಕಾರಿಪುರದ ಬಸ್ಸು ಹತ್ತಿದೆ.

"ವೀಗನ್ನಾ? ಎಂತದದು, ಬೀಗರೂಟನಾ?" ಎಂದಳು ನೀಲಕ್ಕ. ಬಿಡಿಸಿ ಹೇಳಿದೆ, ವಿಮಾನದಲ್ಲಿ ಅವರಿಗೆ ಸಿಗುವ ಕಲ್ಲಂಗಡಿಯ ಕಥೆಯನ್ನೂ ಹೇಳಿದೆ. ನಗುವಳೆಂದುಕೊಂಡಿದ್ದೆ, ನಗಲಿಲ್ಲ. "ನನ್ನಂಗಿರೋರು ಅಷ್ಟು ಜನ ಇದಾರಾ?" ಎಂದು ಕೇಳಿದಳು. ಆಮೇಲೆ ಎದ್ದು ಟವೆಲು ಕೊಡವಿದಳು. "ಹಂಗಾದ್ರೆ ಬೀಗರೂಟನೇ ಮಾಡನ. ಮನೆಗೆ ಬಂದ ಬೀಗರಿಗೆ ಮೂರು ಸಲ ಕಲ್ಲಂಗಡಿ ಕೊಡ್ತಾರೇನೆ?"

ವಿಮಾನದ ಊಟದ ಕಷ್ಟಗಳನ್ನು ಹೇಳಿದೆ. ಅಡುಗೆ ಕೆಳಗೇ ಆಗಬೇಕು, ಮಂಜಿನಷ್ಟು ತಣ್ಣಗಾಗಬೇಕು, ಗಂಟೆಗಟ್ಟಲೆ ಆದಮೇಲೆ ಮೇಲೆ ಓವನ್ನಿನಲ್ಲಿ ಬಿಸಿಯಾಗಬೇಕು. ಅಲ್ಲಿ ಗಾಳಿ ಒಣ, ಮೂಗು ಒಣಗುತ್ತದೆ, ಇಂಜಿನ್ನಿನ ಸದ್ದಿಗೆ ನಾಲಿಗೆ ಮಂಕಾಗುತ್ತದೆ. ಕೆಳಗೆ ರುಚಿಯಾಗಿದ್ದದ್ದು ಮೇಲೆ ಸಪ್ಪೆ.

ಮರುದಿನ ಬೆಳಿಗ್ಗೆ ಅವಳು ಪತ್ರೊಡೆ ಬೇಯಿಸಿದಳು. ಕೆಸುವಿನೆಲೆಗೆ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿದ್ದು. ಎಣ್ಣೆಗಾಯಿ ಆಯಿತು, ಅರಿಶಿನದೆಲೆಯ ಕಡುಬು ಆಯಿತು. ಎಲ್ಲವನ್ನೂ ಡಬ್ಬಿಗೆ ಹಾಕಿ ಎದುರಿನ ಐಸ್‌ಕ್ರೀಮ್ ಅಂಗಡಿಯ ಫ್ರಿಜ್ಜಿನಲ್ಲಿಟ್ಟೆವು. ಮಧ್ಯಾಹ್ನ ತೆಗೆದು ಮೂಲೆಯ ಬೇಕರಿಯ ಓವನ್ನಿನಲ್ಲಿ ಬಿಸಿ ಮಾಡಿಸಿದೆವು. ಇನ್ನು ರುಚಿ ನೋಡುವುದು. ಎಲೆಗೆ ಬಡಿಸಲು ಹೊರಟೆ.

"ಇಲ್ಲಿ ನೋಡಿದ್ರೆ ಎಂತ ಬಂತು? ಬಾ ನನ್ ಜೊತೆ," ಎಂದು ಡಬ್ಬಿಗಳನ್ನು ಎತ್ತಿಕೊಂಡು, ಸೀದಾ ಪಕ್ಕದ ಹಿಟ್ಟಿನ ಗಿರಣಿಗೆ ನಡೆದಳು. ಎರಡು ಕಲ್ಲುಗಳೂ ಧಡಧಡ ಓಡುತ್ತಿದ್ದವು. ಬೆಲ್ಟಿನ ಪಕ್ಕದಲ್ಲೇ ಒಂದು ಮೂಟೆಯ ಮೇಲೆ ಕೂತು, ಸೊಂಟದಿಂದ ಹತ್ತಿ ತೆಗೆದು ಎರಡೂ ಮೂಗಿನ ಹೊಳ್ಳೆಗೆ ತುರುಕಿಕೊಂಡಳು. ನನಗೂ ಕೊಟ್ಟಳು.

ಜೋಳ ಬೀಸಿಸಲು ಬಂದಿದ್ದ ಹೆಂಗಸರು ಬಾಯಿ ಬಿಟ್ಟುಕೊಂಡು ನಿಂತರು. ಗಿರಣಿಯವನು ಕೂಗಿ ಕೇಳಿದ. "ಏನಾಗೇತ್ರೀ ನೀಲಕ್ಕಾರೆ? ಆರಾಮ ಅದೀರಿಲ್ಲೋ?"

"ವಿಮಾನದಾಗೆ ಕುಂತೀನಿ, ಮಾತಾಡಿಸ್ಬೇಡ!" ಎಂದು ಇವಳೂ ಕೂಗಿದಳು.

ಎಣ್ಣೆಗಾಯಿ ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. ಹುಬ್ಬು ಗಂಟಿಕ್ಕಿತು. "ಹುಣಸೆ ಎಲ್ ಹೋತೇ?" ಎಂದಳು. ಮರುದಿನ ಹುಳಿ ಹೆಚ್ಚಿಸಿ, ಎಳ್ಳು ಇನ್ನಷ್ಟು ಹುರಿದು, ಮತ್ತೆ ಗಿರಣಿ. ಅದರ ಮರುದಿನ ಮತ್ತೆ. ನಾಲ್ಕನೆಯ ದಿನ ಹತ್ತಿ ತುರುಕಿದ ಮೂಗಿನಲ್ಲೂ, ಆ ಸದ್ದಿನಲ್ಲೂ ಪತ್ರೊಡೆ ನಾಲಿಗೆಯನ್ನು ಹಿಡಿದೆಳೆಯಿತು. ಗಿರಣಿಯಲ್ಲಿದ್ದವರಿಗೆಲ್ಲ ಹಂಚಿ ಬಂದೆವು. ಕೊನೆಗೆ ಸಿಹಿ ಬೇಕಲ್ಲ, ಕಾಯಿಹಾಲು, ಬೆಲ್ಲ, ಕಡಲೆಬೇಳೆಯ ಪಾಯಸ ಎಂದು ತೀರ್ಮಾನವಾಯಿತು. ಅದನ್ನು ಮಾತ್ರ ಬಿಸಿ ಮಾಡಿ ನೋಡಲು ಸಮಯವಾಗಲಿಲ್ಲ. ನನ್ನ ಬಸ್ಸಿಗೆ ಹೊತ್ತಾಗಿತ್ತು.

ಮೆನು ಒಪ್ಪಿಗೆಯಾಯಿತು. ಇನ್ನು ಹೇಳಬೇಕಾದ್ದು ನನ್ನ ತಪ್ಪು.

ಹೊಸ ಊಟ ವಿಮಾನ ಹತ್ತಲು ಎರಡು ದಿನ ಇದೆ ಎನ್ನುವಾಗ ಪಾಯಸ ಕೈಕೊಟ್ಟಿತು. ಓವನ್ನಿನಲ್ಲಿ ಬಿಸಿಯಾದೊಡನೆ ಕಾಯಿಹಾಲು ಒಡೆದು, ಮೇಲೆ ನೀರು, ಕೆಳಗೆ ಗಸಿ. ಹತ್ತು ಸಲ ಮಾಡಿದೆವು, ಹತ್ತು ಸಲವೂ ಒಡೆಯಿತು. ಜೊತೆಗಿದ್ದವರೊಬ್ಬರು ಮೆಲ್ಲಗೆ, ಸ್ವಲ್ಪ ಹಾಲಿನ ಪುಡಿ ಬಿದ್ದರೆ ಹಿಡಿದುಕೊಳ್ಳುತ್ತದೆ ಎಂದರು. ಬೇಡ ಎನ್ನಬೇಕಾದವಳು ನಾನು. ಹಾಕಿ ಎಂದವಳೂ ನಾನೇ. ಒಂದೆರಡು ದಿನದ ಮಟ್ಟಿಗೆ, ಸರಿಯಾದ ದಾರಿ ಸಿಗುವ ತನಕ ಎಂದು ನನಗೆ ನಾನೇ ಹೇಳಿಕೊಂಡೆ. ಪಾಯಸ ರೇಷ್ಮೆಯ ಹಾಗೆ ಬಂತು. ಬಟ್ಟಲುಗಳು ಖಾಲಿಯಾಗಿ ವಾಪಸಾದವು, ಹೊಗಳಿಕೆಯ ಕಾಗದಗಳು ಬಂದವು. ಎರಡು ದಿನ ಎರಡು ವಾರವಾಯಿತು, ಮೂರಾಯಿತು. ದಾರಿ ಹುಡುಕುವುದನ್ನು ನಾನು ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ.

ಅಷ್ಟರಲ್ಲಿ ವಿಮಾನ ಕಂಪನಿಯವರು ಸಂತೋಷಪಟ್ಟು, ಈ ಅಡುಗೆ ಹೇಳಿಕೊಟ್ಟವರನ್ನು ಒಮ್ಮೆ ಮುಂದಿನ ಸೀಟಿನಲ್ಲಿ ಕೂರಿಸಿ ದೆಹಲಿಗೆ ಕರೆದುಕೊಂಡು ಹೋಗಿ ಬನ್ನಿ ಎಂದರು. ಬೇಡ ಎನ್ನಲು ನನ್ನ ಬಳಿ ನೆಪವಿರಲಿಲ್ಲ. ನೀಲಕ್ಕ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ವಿಮಾನದ ಹುಡುಗಿ ಬಿಸಿ ಟವೆಲು ಕೊಟ್ಟಾಗ, "ಇದೊಂದು ನನ್ ಹತ್ರನೇ ಇರತ್ತಲ್ಲೇ" ಎಂದು ನಕ್ಕಳು. ಪತ್ರೊಡೆ ತಿಂದು ತಲೆದೂಗಿದಳು. ಸಾಲಿನ ಆಚೆ ಬದಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಅದೇ ಊಟವನ್ನು ನಿಧಾನವಾಗಿ, ಮನಸ್ಸಿಟ್ಟು ಉಣ್ಣುತ್ತಿದ್ದರು. ನೀಲಕ್ಕ ಅವರ ತಟ್ಟೆಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪಾಯಸ ಬಂತು. ಅವಳು ಪಾಯಸ ಬೇಡವೆನ್ನಲಿ ಎಂದು ನಾನು ಪ್ರಾರ್ಥಿಸುತ್ತಿದ್ದೆ. ನಾನೇ ಅವಳ ಬಟ್ಟಲನ್ನು ಸರಿಸಿ, "ಹೊಟ್ಟೆ ತುಂಬಿರಬೇಕು, ಬಿಡಿ ನೀಲಕ್ಕ" ಎಂದೆ. ಅವಳು ಬಟ್ಟಲನ್ನು ತಿರುಗಿ ಎಳೆದುಕೊಂಡು ಚಮಚದ ತುದಿಯಿಂದ ಮೇಲ್ಭಾಗವನ್ನು ಮುಟ್ಟಿದಳು. ಸುಕ್ಕುಗಟ್ಟಿದ ತೆಳ್ಳನೆಯ ಕೆನೆ ಚಮಚಕ್ಕೆ ಅಂಟಿಕೊಂಡು ಬಂತು.

"ಕಾಯಿಹಾಲು ಹಿಂಗೆ ಕೆನೆ ಕಟ್ಟಲ್ಲ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇದ್ರಲ್ಲಿ ಹಾಲೈತೆ. ನಿಂಗೆ ಗೊತ್ತಿತ್ತಾ?"

"ಹೂಂ."

ಅವಳು ಬೆಲ್ಟು ಬಿಚ್ಚಲು ಬಾರದೆ ಒದ್ದಾಡಿ, ಬಿಚ್ಚಿಕೊಂಡು, ಎದ್ದು, ಆಚೆ ಬದಿಯ ಹೆಂಗಸಿನ ಬಳಿ ಹೋದಳು. ಆಕೆ ಚಮಚ ತುಂಬಿಕೊಂಡಿದ್ದರು. ನೀಲಕ್ಕ ಆ ಕೈಯನ್ನು ಹಿಡಿದು ಕೆಳಗಿಳಿಸಿ, ಬಟ್ಟಲಿನ ಮೇಲೆ ತನ್ನ ಅಂಗೈ ಮುಚ್ಚಿ ನಿಂತಳು. ಆಕೆಗೆ ಕನ್ನಡ ಬಾರದು, ಇವಳಿಗೆ ಬೇರೆ ಭಾಷೆ ಬಾರದು.

"ಸುಮಾ, ಹೇಳು ಅವ್ರಿಗೆ," ಎಂದಳು.

ಸುತ್ತಲಿನವರೆಲ್ಲ ನೋಡುತ್ತಿದ್ದರು. ನಾನು ಎದ್ದು ನಿಂತು ಹೇಳಿದೆ. ಇದರಲ್ಲಿ ಹಾಲಿನ ಪುಡಿ ಇದೆ, ಹಾಕಿಸಿದವಳು ನಾನು ಎಂದೆ. ಆ ಹೆಂಗಸು ಬೈಯಲಿಲ್ಲ. ಕೈಚೀಲದಿಂದ ಪೆನ್ನಿನಂಥ ಒಂದು ಚುಚ್ಚುಮದ್ದು ತೆಗೆದು ಮಡಿಲಲ್ಲಿಟ್ಟುಕೊಂಡರು. ಹಾಲು ತಾಗಿದರೆ ನನಗೆ ಗಂಟಲು ಊದಿ ಉಸಿರು ಕಟ್ಟುತ್ತದೆ, ಹಾಗಾಗಿಯೇ ಈ ಊಟ ಹೇಳುವುದು, ಇಲ್ಲಿಯವರೆಗೆ ಈ ಊಟವನ್ನು ನಂಬಿದ್ದೆ ಎಂದರು. ಸಿಬ್ಬಂದಿ ಓಡಿ ಬಂದು ಎಲ್ಲ ಬಟ್ಟಲುಗಳನ್ನೂ ತೆಗೆದರು. ಇಳಿಯುವವರೆಗೆ ನೀಲಕ್ಕ ಆಕೆಯ ಪಕ್ಕದ ಖಾಲಿ ಸೀಟಿನಲ್ಲೇ, ಆಕೆಯ ಕೈ ಹಿಡಿದುಕೊಂಡು ಕೂತಿದ್ದಳು.

ದೆಹಲಿಯ ನಿಲ್ದಾಣದಲ್ಲಿ ವಾಪಸಿನ ವಿಮಾನಕ್ಕೆ ಕಾಯುವಾಗ ನಾನೇ ಬಾಯಿಬಿಟ್ಟೆ. "ಬೈದುಬಿಡಿ ನೀಲಕ್ಕ."

"ಬೈಯಾದು ಎಂತ ಐತೆ," ಎಂದಳು. ಕಿಟಕಿಯಾಚೆ ನೋಡುತ್ತ, "ಒಂದು ಚಮಚ ಅಕ್ಕಿ ನೆನೆಸಿ ಅರೆದು ಹಾಕಿದ್ರೆ ಕಾಯಿಹಾಲು ಒಡಿಯಲ್ಲ. ಒಂದು ಫೋನ್ ಮಾಡಿದ್ರೆ ಹೇಳ್ತಿದ್ನಲ್ಲೇ" ಎಂದಳು.

ಅದಕ್ಕಿಂತ ದೊಡ್ಡ ಬೈಗುಳವನ್ನು ನಾನು ಕೇಳಿಲ್ಲ.

ಮರುದಿನವೇ ಎಲ್ಲವನ್ನೂ ಬರೆದು ಮೇಲಿನವರಿಗೆ ಕೊಟ್ಟೆ. ಅವತ್ತೇ ಪಾಯಸ ನಿಂತಿತು. ಈ ಊಟ ತರಿಸಿದ್ದವರಿಗೆಲ್ಲ ಕಂಪನಿಯಿಂದ ಕಾಗದ ಹೋಯಿತು. ದೇವರ ದಯೆ, ಯಾರಿಗೂ ಏನೂ ಆಗಿರಲಿಲ್ಲ. ನನ್ನನ್ನು ವಿಶೇಷ ಊಟದ ವಿಭಾಗದಿಂದ ತೆಗೆದು ಹಣ್ಣು ಹೆಚ್ಚುವ ಕಡೆಗೆ ಹಾಕಿದರು. ಒಂದು ವರ್ಷ ಕಲ್ಲಂಗಡಿ ಹೆಚ್ಚಿದೆ. ಅಕ್ಕಿ ಅರೆದು ಹಾಕಿದ ಪಾಯಸ ಬೇರೆಯವರ ಕೈಯಲ್ಲಿ ಮತ್ತೆ ವಿಮಾನ ಹತ್ತಿತು. ಒಡೆಯಲಿಲ್ಲ.

ನೀಲಕ್ಕ ನನ್ನ ಮೇಲೆ ಸಿಟ್ಟು ಸಾಧಿಸಲಿಲ್ಲ. ಊರಿಗೆ ಹೋದಾಗೆಲ್ಲ ಅದೇ ಅಕ್ಕರೆ, ಅದೇ ಎಣ್ಣೆಗಾಯಿ. ಆದರೆ ನಾನು ಮಾಡಿ ಒಯ್ದದ್ದನ್ನು ಮಾತ್ರ ಅವಳು ಬಾಯಿಗಿಡಲಿಲ್ಲ. "ಅಲ್ಲಿಡು, ಆಮೇಲೆ ತಿಂತೀನಿ" ಎನ್ನುವಳು. ಒಮ್ಮೆ ಕಡಲೆ ಹಿಟ್ಟಿನ ಉಂಡೆ ಒಯ್ದಿದ್ದೆ, ಎಣ್ಣೆಯಲ್ಲೇ ಹುರಿದದ್ದು. ಮರುದಿನ ಗಿರಣಿಯವನು ದಾರಿಯಲ್ಲಿ ಸಿಕ್ಕಿ, "ಉಂಡಿ ಭಾಳ ಚಲೋ ಇದ್ವು ನೋಡ್ರಿ" ಎಂದ. ನಾನು ಅವಳನ್ನು ಕೇಳಲಿಲ್ಲ. ಏನೆಂದು ಕೇಳಲಿ?

ಮಂಡಿ ನೋವು ಹೆಚ್ಚಾಗಿ ಖಾನಾವಳಿ ಮುಚ್ಚಿ, ಅವಳು ಉಳವಿಗೆ, ಮೈದುನನ ಮನೆಗೆ ಹೋದಳು. ಕಳೆದ ಕಾರ್ತಿಕದಲ್ಲಿ ತೀರಿಕೊಂಡಳು. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಎಂಟು ದಿನ ಮುಂಚೆ.

ಮೈದುನನ ಹೆಂಡತಿ ಫೋನ್ ಮಾಡಿದ್ದರು. ಸೊರಬದಲ್ಲಿ ಬಸ್ಸು ಬದಲಿಸಿ ಉಳವಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನೀಲಕ್ಕ ಪಡಸಾಲೆಯ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು, ಅರ್ಧಕ್ಕರ್ಧ ಇಳಿದುಹೋಗಿದ್ದಳು. ಮೈದುನನ ಹೆಂಡತಿ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು. "ಎರಡು ದಿನ ಆತು, ಎಂತದೂ ಮುಟ್ಟಿಲ್ಲ. ಶಕ್ತಿ ಬರ್ಲಿ ಅಂತ ನಾನೇ ಒಂದಿನ ಗಂಜಿಗೆ ಒಂಚೂರು ಹಾಲು ಹಾಕ್ಬಿಟ್ಟೆ. ಗೊತ್ತಾಗೋಯ್ತು. ಆವತ್ತಿಂದ ಯಾರು ಕೊಟ್ರೂ ಬಾಯಿ ಬಿಡ್ತಿಲ್ಲ. ನೀನಾದ್ರೂ ನೋಡು."

ನಾನಾದರೂ! ಆ ಮನೆಯಲ್ಲಿ ಅದಕ್ಕೆ ಎಲ್ಲರಿಗಿಂತ ಕಡಿಮೆ ಯೋಗ್ಯತೆ ಇದ್ದವಳು ನಾನು. ಆದರೂ ಪಾತ್ರೆಯನ್ನು ಎರಡು ಸಲ ತೊಳೆದೆ. ಅಕ್ಕಿ ತರಿ ಬೇಯಿಸಿದೆ, ಕಾಯಿ ತುರಿದು ಹಿಂಡಿದೆ, ಉಪ್ಪು ಹಾಕಿದೆ. ಆರಿಸಿಕೊಂಡು ಹೋಗಿ ಮಂಚದ ಅಂಚಿನಲ್ಲಿ ಕೂತೆ.

"ನೀಲಕ್ಕ, ಅಕ್ಕಿ, ಕಾಯಿಹಾಲು, ಉಪ್ಪು. ಇದರಲ್ಲಿ ಬೇರೆ..."

ಹೇಳಿ ಮುಗಿಸುವ ಮೊದಲೇ ಅವಳು ಬಾಯಿ ತೆರೆದಿದ್ದಳು. ಚಮಚವನ್ನಾಗಲೀ ಬಟ್ಟಲನ್ನಾಗಲೀ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ತಿಂದಳು. ಹುಬ್ಬು ಗಂಟಿಕ್ಕಿತು.

"ಉಪ್ಪು ಸಾಲ್ದು ಕಣೆ," ಎಂದಳು.

ನಾನು ಎದ್ದು ಒಳಗೆ ಹೋಗಿ ಉಪ್ಪು ತಂದೆ.